ಆಮೆಯ ಊರಿನ ಹೆಸರು

ಕಡಲಿಗೆ ಇನ್ನೂ ಉಪ್ಪು ಹಿಡಿಯದಿದ್ದ ಕಾಲದಲ್ಲಿ ಒಂದು ಆಮೆ ಇತ್ತಂತೆ. ಬೆನ್ನಿನ ನಡುವೆ ಜಪಸರದ ಮಣಿಗಳನ್ನು ಸಾಲಾಗಿ ಹೊತ್ತು ದೇಶದೇಶ ಈಜುತ್ತಿತ್ತಂತೆ. ಅದು ಯಾರ ಕೈಗೆ ಸಿಕ್ಕಿತೋ ಅವರು ಅದರ ಊರಿಗಾಗಿ ಬೇಡಿಕೊಳ್ಳಬೇಕು. ಬೇಡುವವರಿರುವ ತನಕ ಆ ಊರು ಮುಳುಗುವುದಿಲ್ಲವಂತೆ.

ಕಾಪುವಿನ ಕಾನ್ಸೆಪ್ಟಾ ಈ ಕಥೆ ಹೇಳುವಾಗ ಆಮೆ ಅವರ ಅಂಗೈಯಲ್ಲೇ ಇರುತ್ತಿತ್ತು. ದಪ್ಪನೆಯ ಬೆಳ್ಳಿ ನಾಣ್ಯ. ಒಂದು ಬದಿಗೆ ಉಬ್ಬಿದ ಆಮೆ, ಮತ್ತೊಂದು ಬದಿಗೆ ಉಳಿ ಹೊಡೆದಂಥ ಚೌಕದ ಗುಂಡಿ. ಅವರ ಗಂಡ ಆಲ್ಫೋನ್ಸ್ ಹಡಗಿನಲ್ಲಿ ಅಡುಗೆಯವರಾಗಿದ್ದಾಗ, ಜ್ವರದಲ್ಲಿ ಮಲಗಿದ್ದ ಗ್ರೀಕ್ ನಾವಿಕನೊಬ್ಬನಿಗೆ ಗಂಜಿ ಕುಡಿಸಿ ಬದುಕಿಸಿದ್ದರು. ಅವನು ಇದನ್ನು ಕೊಟ್ಟು, ತನ್ನ ಊರಿಗಾಗಿ ಪ್ರಾರ್ಥಿಸಲು ಕೇಳಿಕೊಂಡಿದ್ದ. ಮನೆ ಸೇರುವಷ್ಟರಲ್ಲಿ ಆಲ್ಫೋನ್ಸರಿಗೆ ಊರಿನ ಹೆಸರೇ ಮರೆತುಹೋಗಿತ್ತು. ಹಾಗಾಗಿ ಸಂಜೆಯ ಜಪಸರ ಮುಗಿದು ಎಲ್ಲರ ಹೆಸರು ಹೇಳಿಯಾದ ಮೇಲೆ ಕಾನ್ಸೆಪ್ಟಾ, "ಆ ಆಮೆಯ ಊರಿಗೂ" ಎಂದು ಸೇರಿಸುತ್ತಿದ್ದರು.

"ಹೆಸರಿಲ್ಲದೆ ಬೇಡಿದರೆ ದೇವರಿಗೂ ಹುಡುಕುವ ಕೆಲಸ ಅಲ್ವಾ, ಪುತಾ?" ಎಂದು ಒಮ್ಮೆ ಮೊಮ್ಮಗಳು ಡೈನಾಳನ್ನು ಕೇಳಿದ್ದರು. ಹುಡುಕಿ ಕೊಡುತ್ತೇನೆ ವಡ್ಲಿಮಾಯ್, ಎಂದು ಡೈನಾ ಅಜ್ಜಿಗೆ ಮಾತು ಕೊಟ್ಟಿದ್ದಳು. ಮಣಿಪಾಲದ ಕಾಲೇಜಿಗೆ ಸೇರಿದ ಮೇಲಂತೂ ಅದೇನು ದೊಡ್ಡ ಕೆಲಸವಾಗಿರಲಿಲ್ಲ. ಹಳೆಯ ನಾಣ್ಯ ಬಲ್ಲ ಪ್ರಫುಲ್ಲಾ ಮೇಡಂ ಅವಳ ತರಗತಿಯಿಂದ ಒಂದೇ ಮಹಡಿ ಮೇಲೆ ಕೂರುತ್ತಿದ್ದರು. ಆದರೆ ಇವತ್ತು ಬಸ್ಸು ತಪ್ಪೀತು, ನಾಳೆ ಪರೀಕ್ಷೆ ಉಂಟು ಎನ್ನುತ್ತ ದಿನ ಸರಿದವು. ಕಾರ್ಕಳದ ಅತ್ತೂರು ಜಾತ್ರೆಗೆ ಹೋಗಿ ಬಂದ ವಾರವೇ ಕಾನ್ಸೆಪ್ಟಾ ತೀರಿಕೊಂಡರು.

ಮಣ್ಣು ಮಾಡಿ ಬಂದ ಸಂಜೆ ಜಪಸರ ನಡೆಸಿದ್ದು ಡೈನಾಳ ಅಮ್ಮ ಜೆನಿಟಾ. ಕೊನೆಯಲ್ಲಿ "ಆ ಆಮೆಯ..." ಎಂದವರು ಅಲ್ಲಿಗೇ ಬಿಟ್ಟು ಶಿಲುಬೆಯ ಗುರುತು ಹಾಕಿಕೊಂಡರು. ಮರುದಿನವೇ ಡೈನಾ ನಾಣ್ಯ ಹಿಡಿದು ಕಾಲೇಜಿನ ಮಹಡಿ ಹತ್ತಿದಳು.

ಪ್ರಫುಲ್ಲಾ ಮೇಡಂ ನಾಣ್ಯವನ್ನು ತೂಗಿದರು, ಬೆಳಕಿಗೆ ಓರೆಯಾಗಿ ಹಿಡಿದರು, ಆಮೇಲೆ ಕನ್ನಡಕ ತೆಗೆದರು.

"ಇದಕ್ಕೆ ಎಂತ ಹಾಕಿ ಉಜ್ಜಿದ್ದು ಮಾರಾಯ್ತಿ?"

ಹುಣಸೆಹುಳಿ, ಬೂದಿ, ತೆಂಗಿನ ನಾರು ಎಂದಳು ಡೈನಾ. ಪ್ರತಿ ವರ್ಷ ಹೊಸ ತೆನೆಯ ಮೊಂತಿ ಹಬ್ಬಕ್ಕೆ ಮನೆಯ ಹಿತ್ತಾಳೆ ದೀಪಗಳನ್ನು ಬೆಳಗುವಾಗ ಆಮೆಯನ್ನು ಬೆಳಗುವ ಕೆಲಸ ಡೈನಾಳದು. ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಚಂದ್ರನ ಹಾಗೆ ಹೊಳೆಯುವ ತನಕ ತಿಕ್ಕುತ್ತಿದ್ದಳು.

"ಬೂದಿ ಒಂದು ಬಿಟ್ಟಿದ್ದರೆ ಮೀನುಸಾರೇ ಆಗುತ್ತಿತ್ತು," ಎಂದರು ಮೇಡಂ. ನಗಿಸಲೆಂದು ಹೇಳಿದ ಮಾತಿಗೆ ಡೈನಾ ನಗಲಿಲ್ಲ. ಅವರು ಮೆತ್ತಗೆ ವಿವರಿಸಿದರು: ಇದೇ ತೂಕದ, ಹಿಂದೆ ಇಂಥದೇ ಗುಂಡಿಯಿದ್ದ ಬೆಳ್ಳಿ ನಾಣ್ಯಗಳಲ್ಲಿ ಆಮೆಯದೂ ಉಂಟು, ಗುರಾಣಿಯದೂ ಉಂಟು. ಊರು ಬೇರೆ ಬೇರೆ. ಇದರಲ್ಲಿ ಕಾಲು, ತಲೆ ಎಲ್ಲ ಸವೆದು ಉಳಿದದ್ದು ಬರೀ ಉಬ್ಬು. ಬೆನ್ನ ನಡುವೆ ಚುಕ್ಕಿಗಳ ಸಾಲಿದ್ದಿದ್ದರೆ ಕಣ್ಣು ಮುಚ್ಚಿ ಹೇಳಬಹುದಿತ್ತು.

ಡೈನಾಳ ತೋರುಬೆರಳು ತಾನಾಗಿ ಮೇಜಿನ ಮೇಲೆ ಸರಿಯಿತು. ಚಿಕ್ಕವಳಿದ್ದಾಗ ವಡ್ಲಿಮಾಯ್ ಈ ಬೆರಳನ್ನೇ ಹಿಡಿದು ಆಮೆಯ ಬೆನ್ನ ಮೇಲೆ ಎಳೆಯುತ್ತಿದ್ದರು: ಗಂಟು, ತಗ್ಗು, ಗಂಟು, ತಗ್ಗು. ತಿಕ್ಕಲು ಕೂತಾಗ, "ನಿಧಾನ ಪುತಾ, ಅದರ ಮಣಿ ಉದುರೀತು," ಎನ್ನುತ್ತಿದ್ದರು. ಅದೂ ಕಥೆಯೇ ಎಂದು ಅವಳು ಇನ್ನಷ್ಟು ಜೋರಾಗಿ ತಿಕ್ಕಿದ್ದಳು.

"ಇತ್ತು ಮೇಡಂ. ಮಣಿಗಳ ಸಾಲು. ನಾನೇ ಮುಟ್ಟಿದ್ದೇನೆ."

ಮೇಡಂ ಅವಳ ಬೆರಳನ್ನೇ ನೋಡಿದರು. ಆಮೇಲೆ ಊರಿನ ಹೆಸರು ಹೇಳಿದರು. ಅದೊಂದು ದ್ವೀಪ, ಇವತ್ತಿಗೂ ಜನ ಇದ್ದಾರೆ, ಮುಳುಗಿಲ್ಲ ಎಂದರು.

ಉಡುಪಿಯಲ್ಲಿ ಬಸ್ಸು ಬದಲಿಸಿ, ಉದ್ಯಾವರದ ಸೇತುವೆ ದಾಟಿ ಮನೆ ಸೇರುವ ತನಕ ಡೈನಾ ಹೆಸರನ್ನು ಬಾಯೊಳಗೇ ಹೊರಳಿಸುತ್ತಿದ್ದಳು, ಅಜ್ಜನ ಹಾಗೆ ದಾರಿಯಲ್ಲಿ ಮರೆಯಬಾರದೆಂದು. ಸಂಜೆ ಜಪಸರ ಮುಗಿಯಿತು. ಅಮ್ಮ ಎಲ್ಲರ ಹೆಸರು ಹೇಳಿದರು. ಈ ಸಲ ಆ ಸಾಲಿನಲ್ಲಿ ಕಾನ್ಸೆಪ್ಟಾರ ಹೆಸರೂ ಇತ್ತು. ಕೊನೆಯಲ್ಲಿ ಅಮ್ಮ ತಡೆದು ನಿಂತರು.

ನುಣುಪಾದ ಆಮೆಯನ್ನು ಮುಷ್ಟಿಯಲ್ಲಿ ಹಿಡಿದು ಡೈನಾ ಹೇಳಿದಳು: "ಎಜೀನಾ ಊರಿಗೂ."