ಬರಿದಾಗಬಾರದ ತಕ್ಕಡಿ

ಸಾಹುಕಾರರ ಮನೆ ಮ್ಯೂಸಿಯಂ ಆದದ್ದರಿಂದ ಊರಿಗೆ ಏನು ಲಾಭವಾಯಿತೋ, ಮೊಮ್ಮಗನಿಗಂತೂ ಕೊನೆಗೊಂದು ಉದ್ಯೋಗ ಸಿಕ್ಕಿತು: ಬಂದವರೆದುರು ಅಜ್ಜನನ್ನು ಹೊಗಳುವುದು. ಸ್ವಂತಕ್ಕೆ ಒಂದು ಗೂಡಂಗಡಿಯನ್ನೂ ನಡೆಸಲಾಗದೆ ಬಾಗಿಲು ಹಾಕಿದವನು ಅಜ್ಜನ ವ್ಯಾಪಾರದ ನಿಯತ್ತನ್ನು ವರ್ಣಿಸಲು ನಿಂತರೆ ನಿಲ್ಲಿಸುತ್ತಿರಲಿಲ್ಲ. ಅವನ ಪಾಲಿಗೆ ಉಳಿದ ಆಸ್ತಿಯೆಂದರೆ ಅಜ್ಜನ ಒಳ್ಳೆಯ ಹೆಸರೊಂದೇ. ಅದೂ ಹೋದರೆ ಅವನನ್ನು ಯಾರೂ ಮೂಸಿಯೂ ನೋಡುತ್ತಿರಲಿಲ್ಲ.

ಮುಂಭಾಗದ ಅಂಗಡಿಕೋಣೆಯಲ್ಲಿ ಅಜ್ಜನ ಹಿತ್ತಾಳೆ ತಕ್ಕಡಿ ತೂಗುತ್ತಿತ್ತು. ತಕ್ಕಡಿ ಬರಿದಾದರೆ ಮನೆಯೇ ಬರಿದಾದಂತೆ ಎಂದು ಅಜ್ಜ ಅದರ ಸರಕಿನ ತಟ್ಟೆಯಲ್ಲಿ ಸದಾ ಒಂದು ಹಿಡಿ ಕಾಳು ಇಟ್ಟಿರುತ್ತಿದ್ದನಂತೆ. ಮೊಮ್ಮಗನೂ ದಿನಾ ಭಕ್ತಿಯಿಂದ ಕಾಳು ಹಾಕಿ, ಕಣ್ಣು ತುಂಬಿಕೊಂಡು ಈ ಕಥೆ ಹೇಳುತ್ತಿದ್ದ. ಎಲ್ಲಿ ಗಂಟಲು ಕಟ್ಟಬೇಕೆಂಬುದೂ ಅಭ್ಯಾಸವಾಗಿತ್ತು.

ಹೊಸದಾಗಿ ಬಂದ ಮೇಲ್ವಿಚಾರಕಿಗೆ ಭಕ್ತಿಗಿಂತ ಹುಳದ ಭಯ ಹೆಚ್ಚು. ಮರದ ಮನೆಯೊಳಗೆ ಧಾನ್ಯ ಇಡಕೂಡದೆಂದು ಪ್ರವಾಸಿಗರ ಎದುರಿಗೇ ಕಾಳು ತೆಗೆಸಿದಳು. ಬರಿದಾದ ತಕ್ಕಡಿ ಸಮಕ್ಕೆ ಬರಲಿಲ್ಲ. ಸರಕಿನ ತಟ್ಟೆ ಕೆಳಗೇ ನಿಂತಿತು. ಅವಳು ತಟ್ಟೆಯಡಿ ಬೆರಳಾಡಿಸಿ, ಇಲ್ಲೊಂದು ಸೀಸದ ಗಟ್ಟಿ ಅಂಟಿದೆಯಲ್ಲ, ಯಾಕಿರಬಹುದು ಎಂದು ಸಹಜವಾಗಿ ಕೇಳಿದಳು.

"ನಮ್ಮಜ್ಜ ಯಾರಿಗೂ ಮೋಸ ಮಾಡಿದೋರಲ್ಲ" ಎಂದುಬಿಟ್ಟ ಮೊಮ್ಮಗ.

ಮೋಸದ ಮಾತು ಅಲ್ಲಿಯವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಮಹಾರಾಯ ಯಾರೂ ಏನೂ ಅನ್ನುವ ಮೊದಲೇ ಹೆಗಲು ಒರೆಸಿಕೊಂಡಿದ್ದ. ಹಿಡಿ ಕಾಳು ಯಾತಕ್ಕಿತ್ತೆಂದು ಈಗ ಎಲ್ಲರಿಗೂ ಹೊಳೆಯಿತು. ಸೀಸದ ಭಾರಕ್ಕೆ ತಗ್ಗಿದ ತಟ್ಟೆ ಕಾಳಿನ ಭಾರಕ್ಕೇ ತಗ್ಗಿದೆಯೆಂದು ಗಿರಾಕಿ ನಂಬಬೇಕಲ್ಲ. ಮೊದಲು ಒಬ್ಬರು ನಕ್ಕರು, ಆಮೇಲೆ ಗುಂಪಿಗೆ ಗುಂಪೇ ನಕ್ಕಿತು.

ಜನ ಚದುರಿದ್ದೇ ತಡ, ಅವನು ಸೋದರತ್ತೆಯ ಬಳಿಗೆ ಓಡಿದ. ಅವಳು ಅಜ್ಜನ ಮಗಳು, ಹುಟ್ಟಿ ಬೆಳೆದದ್ದು ಆ ಮನೆಯಲ್ಲೇ. ಸೀಸವನ್ನು ಆಮೇಲೆ ಯಾರೋ ಅಂಟಿಸಿದ್ದೆಂದು ಅವಳೊಂದು ಮಾತು ಹೇಳಿದರೆ ಸಾಕು, ತಾನು ಅದನ್ನು ಕೀಳಿಸಿ ಮನೆತನದ ಮಾನ ಉಳಿಸುತ್ತೇನೆ ಎಂದು ಅಂಗಲಾಚಿದ. ಅತ್ತೆ ಕನ್ನಡಕ ಒರೆಸುತ್ತ ಪೂರ್ತಿ ಕೇಳಿಸಿಕೊಂಡಳು.

"ಕೀಳಿಸಪ್ಪ. ಹಾಗೇ ಮಹಡಿನೂ ಕೀಳಿಸು, ಕಂಬಗಳನ್ನೂ ಕೀಳಿಸು. ಎಲ್ಲಾ ಆ ಸೀಸದಿಂದಲೇ ಬಂದಿದ್ದು. ನಿನ್ನನ್ನ ಓದಿಸಿದ್ದೂ ಅದರಿಂದಲೇ. ಅಪ್ಪನ ವ್ಯಾಪಾರದಲ್ಲಿ ನಷ್ಟ ಅಂತ ಆಗಿದ್ದು ನಿನ್ನ ಓದೊಂದೇ."