ಉದಯ ಕೂತ ಕುರ್ಚಿ

"ಕೈ ತುಂಬ ಸೋಪಿನ ನೊರೆ ಇಟ್ಕಂಡು ಯಾವನ ಹತ್ರ ಹಲ್ ಕಿರೀತಿದ್ಯೇ ಹಲ್ಕಟ್ ಮುಂಡೇದೇ? ಕೊಡಿಲ್ಲಿ ಅದನ್ನ!"

ರಜನಿ ಕೊಡುವ ಮೊದಲೇ ವಾಗ್ದೇವಿ ಫೋನು ಕಿತ್ತುಕೊಂಡಾಗಿತ್ತು. ಅದರೊಳಗಿನಿಂದ ಉದಯನ ದನಿ "ಹಲೋ, ಕೇಳ್ತಾ ಐತಾ?" ಎನ್ನುತ್ತಲೇ ಇತ್ತು. ವಾಗ್ದೇವಿ ಕರೆ ಕತ್ತರಿಸಿ, ಫೋನನ್ನು ಬೀರುವಿನೊಳಗೆ ಹಾಕಿ ಕೀಲಿ ತಿರುವಿದಳು.

"ಅಮ್ಮಾರೆ, ಅವ್ರು ಮಿಲ್ಟ್ರೀಲಿ ಅದಾರ್ರೀ. ಗಡಿ ಹತ್ರ. ಅಲ್ಲಿ ಗುಂಡು ಬೀಳ್ತಾ ಅದಾವಂತೆ. ಎರಡೇ ಎರಡು ಮಾತು..."

"ಯುದ್ಧ ಮಾಡೋದು ಬಿಟ್ಟು ನಿನ್ ಹತ್ರ ಎಂತ ಮಾತು ಅವನಿಗೆ? ಅವನು ದೇಶ ಕಾಯ್ಲಿ. ನೀನು ಬಾಣಲೆ ತಿಕ್ಕು."

ಸೊರಬದ ಪೇಟೆಯಲ್ಲಿ ವಾಗ್ದೇವಿಯ ಗಂಡ ಗಣಪಯ್ಯನವರ ತಾರಸಿ ಮನೆ. ರಜನಿ ಅಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಅಂಜನಾಪುರದ ಹತ್ತಿರದ ತಾಂಡಾದ ಹುಡುಗಿ. ಪಿಯುಸಿಯಲ್ಲಿ ಇಂಗ್ಲಿಷ್ ಕೈಕೊಟ್ಟ ವರ್ಷ ತಾಯಿ ಸಾವಿತ್ರಿಬಾಯಿ ಕರೆತಂದು ಬಿಟ್ಟುಹೋಗಿದ್ದಳು. ಬಚ್ಚಲ ಪಕ್ಕದ ಕೋಣೆಯಲ್ಲಿ ಮಲಗಬೇಕು, ಹಾಲ್ ಒರೆಸಬಹುದು, ಅಡಿಗೆಮನೆಯ ಹೊಸಿಲು ದಾಟುವಂತಿಲ್ಲ.

ಉದಯ ತೊಗರ್ಸಿಯ ಕೆಳಗಿನ ಕೇರಿಯವನು. ರಜನಿ ಇನ್ನೂ ತಾಂಡಾದಲ್ಲಿದ್ದಾಗ, ಸೈನ್ಯಕ್ಕೆ ಸೇರುವ ಹುಚ್ಚಿನಲ್ಲಿ ಅಂಜನಾಪುರದ ಚಿಕ್ಕಮ್ಮನ ಮನೆಯಲ್ಲಿ ಉಳಿದು ದಿನಾ ಬೆಳಿಗ್ಗೆ ಡ್ಯಾಮಿನ ಏರಿಯ ಮೇಲೆ ಓಡುತ್ತಿದ್ದ. ಕೆಳಗೆ ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದ ರಜನಿ ಒಂದು ದಿನ ಕೂಗಿ ಹೇಳಿದ್ದಳು, "ನಿನ್ನೆಗಿಂತ ಒಂದು ಸುತ್ತು ಕಡಿಮಿ ಓಡಿದಿ!" ಅವನು ಏದುಸಿರು ಬಿಡುತ್ತಲೇ ಹಿಂದಿರುಗಿ ಆ ಸುತ್ತನ್ನೂ ಓಡಿ ಮುಗಿಸಿದ್ದ. ಅಲ್ಲಿಂದ ಶುರುವಾದದ್ದು.

ಗಡಿಯಲ್ಲಿ ಕಾಳಗ ನಡೆದ ಮೇ ತಿಂಗಳ ಆ ನಾಲ್ಕು ದಿನ ಗಣಪಯ್ಯನವರು ಟಿವಿ ಮುಂದಿನಿಂದ ಏಳಲಿಲ್ಲ. "ಹೊಡೀರೋ ಆ ಸೂಳೆಮಕ್ಳಿಗೆ! ಒಬ್ನೂ ಉಳೀಬಾರ್ದು!" ಎಂದು ತೊಡೆ ತಟ್ಟುತ್ತಿದ್ದರು. ಟಿವಿಯಲ್ಲಿ ಸೈರನ್ ಕೂಗಿದಾಗಲೆಲ್ಲ ಹಿತ್ತಲಲ್ಲಿ ರಜನಿಯ ಕೈ ನಿಲ್ಲುತ್ತಿತ್ತು. ಮೂರನೆಯ ದಿನ ಉದಯನಿದ್ದ ಊರಿನ ಹೆಸರು ಕಿವಿಗೆ ಬಿದ್ದದ್ದೇ ಒರೆಸುವ ಬಟ್ಟೆ ಹಿಡಿದುಕೊಂಡೇ ಹಾಲಿಗೆ ಓಡಿದಳು.

"ಅಯ್ಯಾರೆ, ಯಾರಾರ ಹೆಸ್ರು ಹೇಳಿದ್ರಾ?"

"ಸರಿ ಆಚೆ, ಟಿವಿಗೆ ಅಡ್ಡ ನಿಂತ್ಕಂಡು! ನಮ್ಮೋರ ಹೆಸ್ರು ಆಮೇಲೆ ಬರುತ್ತೆ. ಅವ್ರದ್ದು ಎಷ್ಟು ಹೆಣ ಬಿತ್ತು, ಮೊದ್ಲು ನೋಡಾಣ."

ತೊಗರ್ಸಿಗೆ ಹೋಗಿ ಉದಯನ ತಾಯಿಯನ್ನಾದರೂ ನೋಡಿ ಬರುತ್ತೇನೆಂದಳು. ನೆಂಟರು ಬರುತ್ತಾರೆ ಎಂದು ವಾಗ್ದೇವಿ ಬಿಡಲಿಲ್ಲ. ನೆಂಟರು ಬಂದರು, ಹೋಳಿಗೆ ತಿಂದರು, ಯುದ್ಧದ ಮಾತಾಡಿ ಕೈ ತೊಳೆದುಕೊಂಡರು. ರಜನಿ ಎಂಜಲೆಲೆ ಎತ್ತಿದಳು.

ಗುಂಡು ನಿಂತ ಮಾರನೆಯ ದಿನ ಫೋನು ಕೈಗೆ ಸಿಕ್ಕಿತು. ಉದಯನ ಜೊತೆಯವನೊಬ್ಬ ಹಿಂದಿಯಲ್ಲಿ ಕಳಿಸಿದ್ದ ಸಂದೇಶ ಅದರಲ್ಲಿತ್ತು. ಅದನ್ನು ನಾಲ್ಕು ಸಲ ಓದಿದಳು. ಪಕ್ಕದಲ್ಲೇ ಶೆಲ್ ಬಿದ್ದಿದೆ, ಜೀವಕ್ಕೆ ಅಪಾಯವಿಲ್ಲ, ಎರಡೂ ಕಿವಿ ಹೋಗಿವೆ. ಹಾಗಾದರೆ ಅವನು ಕೊನೆಯದಾಗಿ ಕೇಳಬೇಕಿದ್ದ ತನ್ನ ಮಾತು ಬೀರುವಿನೊಳಗೆ ಬಿದ್ದಿತ್ತು. ರಜನಿ ಬಚ್ಚಲಿಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿ ಅತ್ತಳು. "ನೀರೆಂತ ನಿಮ್ಮಪ್ಪಂದಾ?" ಎಂದು ಹೊರಗಿನಿಂದ ವಾಗ್ದೇವಿ ಬಾಗಿಲು ಗುದ್ದಿದಳು.

ಜುಲೈಯಲ್ಲಿ ಅವನು ಊರಿಗೆ ಬಂದ. ಪೇಪರಿನಲ್ಲಿ ಬಂದ ಅವನ ಫೋಟೋ ರಜನಿ ತೋರಿಸಿದ ದಿನ ಗಣಪಯ್ಯನವರ ದನಿಯೇ ಬದಲಾಯಿತು. ಅವರು ನಿಂತಿದ್ದ ಸೊಸೈಟಿ ಚುನಾವಣೆ ಹತ್ತಿರದಲ್ಲಿತ್ತು.

"ಎಂತ ಮಾರಾಯ್ತಿ, ಮೊದ್ಲೇ ಹೇಳ್ಬಾರ್ದಾ? ಕರೆಸು ಅವನ್ನ. ನಮ್ಮನೆ ಅಂಗಳದಲ್ಲೇ ಸನ್ಮಾನ ಮಾಡಾಣ. ನಿನ್ ಮದ್ವೆ ವಿಷ್ಯಾನೂ ನಿಮ್ಮವ್ವನ ಹತ್ರ ನಾನೇ ಮಾತಾಡ್ತೀನಿ."

ತಾಂಡಾದ ಆಚೆ ಮಗಳನ್ನು ಕೊಡುವುದಿಲ್ಲವೆಂದು ಸಾವಿತ್ರಿಬಾಯಿ ಹಟ ಹಿಡಿದಿದ್ದಳು. ಅಯ್ಯನವರು ಹೇಳಿದರೆ ಕೇಳಿಯಾಳು ಎಂಬ ಆಸೆಗೆ ರಜನಿ ಉದಯನನ್ನು ಕರೆಸಿದಳು.

ಭಾನುವಾರ ಬೆಳಿಗ್ಗೆ ಶಾಮಿಯಾನ ಎದ್ದಿತು. ಫ್ಲೆಕ್ಸಿನಲ್ಲಿ ಗಣಪಯ್ಯ ಆಳೆತ್ತರ, ಮೂಲೆಯಲ್ಲಿ ಉದಯ ಅಂಗೈಯಷ್ಟು. ಫೋಟೋ ಚೆನ್ನಾಗಿ ಬರಲೆಂದು ಹಾಲ್‌ನಲ್ಲಿದ್ದ ಬೀಟೆಮರದ ಕುರ್ಚಿಯನ್ನು ಹೊರಗೆ ತಂದು ಅವನನ್ನು ಕೂರಿಸಿದರು. ಅವನ ತಾಯಿ ಯಮುನಮ್ಮ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಮುದುಡಿ ಕೂತಿದ್ದಳು. ಗಣಪಯ್ಯ ಶಾಲು ಹೊದಿಸಿದರು. ಶಾಲಿನ ಅಂಚನ್ನಷ್ಟೇ ಎರಡು ಬೆರಳಲ್ಲಿ ಹಿಡಿದು, ಉದಯನ ಭುಜಕ್ಕೆ ಕೈ ತಾಗದ ಹಾಗೆ ಮೇಲಿನಿಂದ ಬಿಟ್ಟರು. ಚಪ್ಪಾಳೆ ಬಿತ್ತು. ಅದು ಕೇಳಿಸದಿದ್ದರೂ ಜನರ ಕೈ ನೋಡಿ ಉದಯ ನಕ್ಕ.

ಗಣಪಯ್ಯನವರ ಮಗ ಚಿದಂಬರ ಮೈಕಿನಲ್ಲಿ ವಂದನೆ ಹೇಳತೊಡಗಿದ. ಬಂದವರು ಊಟಕ್ಕೆ ಹಾಲ್‌ನೊಳಗೆ ನುಗ್ಗಿದರು. ಉದಯನಿಗೂ ಯಮುನಮ್ಮನಿಗೂ ಯಾರೋ ಕಾರ್ ಶೆಡ್ಡಿನ ಕಡೆ ಕೈ ತೋರಿಸಿದರು. ಅಲ್ಲಿ ಎರಡು ಪೇಪರ್ ತಟ್ಟೆ ಕಾದಿದ್ದವು.

ವಾಗ್ದೇವಿ ರಜನಿಯ ತೋಳು ಹಿಡಿದೆಳೆದಳು. "ಆ ಕುರ್ಚಿ ಹಂಗೇ ಒಳಗೆ ತರ್ಬೇಡ. ಬಾವಿ ಹತ್ರ ಇಟ್ಟು ಸೋಪ್ ಹಾಕಿ ತೊಳಿ, ಮೇಲಿಂದ ಗೋಮೂತ್ರ ಚಿಮುಕ್ಸು. ನೀನಾದ್ರೆ ತಾಂಡಾದವ್ಳು, ಹೆಂಗೋ ಆಯ್ತು. ಅವನು ಆ ಕೇರಿಯವನಲ್ವೇನೇ."

"ಅದನ್ನ ಅವ್ರ ಎದುರಿಗೆ ಹೇಳ್ರೀ ಅಮ್ಮಾರೆ."

ವಾಗ್ದೇವಿ ನಕ್ಕಳು. "ಎದುರಿಗೇ ಹೇಳಿದ್ರೂ ಎಂತ ಕೇಳುತ್ತೆ ಆ ಕಿವುಡನಿಗೆ?"

ರಜನಿ ಕುರ್ಚಿ ಎತ್ತಿದಳು. ಬಾವಿಯ ಕಡೆ ಹೋಗಲಿಲ್ಲ. ನೇರ ಮೈಕಿನ ಹತ್ತಿರ ಹೋಗಿ ದಪ್ಪೆಂದು ಇಟ್ಟಳು. ಚಿದಂಬರ ಬೆಚ್ಚಿ ಹಿಂದೆ ಸರಿದ.

"ಎಲ್ಲಾರೂ ಕೇಳ್ರೀ. ಉದಯ ಕುಂತಿದ್ರು ಅಂತ ಈ ಕುರ್ಚಿ ಸೋಪ್ ಹಾಕಿ ತೊಳೀಬೇಕಂತೆ. ಗೋಮೂತ್ರ ಚಿಮುಕಿಸ್ಬೇಕಂತೆ. ವಾಗ್ದೇವಿ ಅಮ್ಮಾರು ಹೇಳ್ಯಾರೆ. ಅವ್ರ ಕಿವಿ ಹೋದ್ವು. ನಿಮ್ಮವು ನೆಟ್ಟಗದಾವಲ್ಲ, ನೀವು ಕೇಳ್ರೀ."

ಧ್ವನಿವರ್ಧಕ ಅದನ್ನು ಬಸ್‌ಸ್ಟ್ಯಾಂಡಿನ ತನಕ ಹೊತ್ತೊಯ್ದಿತು. ಎಲೆಯ ಮುಂದೆ ಕೂತವರ ತುತ್ತು ಬಾಯಿಯ ಹತ್ತಿರವೇ ನಿಂತಿತು.

"ವಯರ್ ಕೀಳೋ ಚಿದಂಬರಾ!" ಗಣಪಯ್ಯ ಕಿರುಚಿದರು. ಮೈಕು ಸತ್ತಿತು.

ಶೆಡ್ಡಿನ ಹತ್ತಿರ ಉದಯ ಪೇಪರ್ ತಟ್ಟೆ ಹಿಡಿದು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ. ತನ್ನ ದನಿಯ ಅಳತೆ ತನಗೇ ತಿಳಿಯದೆ ಕೂಗಿದ, "ರಜನೀ, ಏನಂದಿ? ನಂಗೆ ಕೇಳ್ಲಿಲ್ಲ! ಇನ್ನೊಂದ್ ಸಲ ಹೇಳು!"

"ಬ್ಯಾಡ, ನಡಿ ಮಗಾ," ಎಂದು ಯಮುನಮ್ಮ ಅವನ ತೋಳು ಜಗ್ಗಿದಳು. ಅವನು ಅಲುಗಲಿಲ್ಲ.

ಗಣಪಯ್ಯ ರಜನಿಯ ಮುಂದೆ ಬಂದು ನಿಂತಿದ್ದರು. "ಬಾಯಿ ಬಿಡು ನೋಡಾಣ, ರಂಡೆ. ಹಲ್ಲು ಉದುರಿಸ್ತೀನಿ."

ಅವರ ಎತ್ತರಕ್ಕೆ ಉದಯನಿಗೆ ಅವಳ ಮುಖ ಕಾಣುತ್ತಿರಲಿಲ್ಲ. ರಜನಿ ಬೀಟೆ ಕುರ್ಚಿಯ ಮೇಲೆ ಹತ್ತಿ ನಿಂತಳು. ಗಣಪಯ್ಯ ಕುರ್ಚಿಯ ಕಾಲು ಹಿಡಿದು ಅಲುಗಿಸತೊಡಗಿದರು. ಅವಳು ಅವರ ತಲೆಯ ಮೇಲಿನಿಂದ ಅವನ ಕಣ್ಣನ್ನೇ ನೋಡುತ್ತ, ತುಟಿ ಸ್ಪಷ್ಟವಾಗಿ ಕಾಣುವಂತೆ ಬಾಯಿ ಅಗಲಿಸಿ, ಒಂದೊಂದೇ ಅಕ್ಷರವಾಗಿ ಮತ್ತೆ ಮೊದಲಿನಿಂದ ಶುರು ಮಾಡಿದಳು.