ಮೊದಲ ಸಹಿ ನನ್ನದು

ಹೆದರಿಕೆ ಅನ್ನುವುದು ನನ್ನ ಜಾಯಮಾನದಲ್ಲೇ ಇಲ್ಲ ಎಂದು ನಮ್ಮ ಬೀದಿಯವರು ನಂಬಿದ್ದರು. ನಂಬಲಿ ಬಿಡಿ. ನಾನು ಟೈಲರ್. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವವರಿಗೆ, "ಉಸಿರು ಬಿಡ್ರೀ, ಅಂಗಿ ಹಾಕ್ಕೊಂಡ ಮೇಲೂ ಹೀಗೇ ನಿಂತಿರ್ತೀರಾ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳುವವಳು. ಅಂಥವಳಿಗೆ ಆ ಭಾನುವಾರ ಸಂಜೆ, ವಾಚನಾಲಯದ ಕಬ್ಬಿಣದ ಕುರ್ಚಿಯಲ್ಲಿ ಕೂತಾಗ, ಕಾಲು ಗಡಗಡ ನಡುಗುತ್ತಿತ್ತು. ಪಕ್ಕದವರಿಗೆ ಕಾಣಬಾರದೆಂದು ಚೀಲವನ್ನು ತೊಡೆಯ ಮೇಲಿಟ್ಟು ಒತ್ತಿ ಹಿಡಿದಿದ್ದೆ.

ಕಾರಣವನ್ನು ಈಗಲೇ ಹೇಳಿಬಿಡುತ್ತೇನೆ. ಹದಿನಾಲ್ಕು ತಿಂಗಳಿಂದ ನಾನು ಮಲಗುತ್ತಿದ್ದದ್ದು ನನ್ನ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಒಂದು ನರಪಿಳ್ಳೆಗೂ ಇದು ಗೊತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿದ್ದೆ. ಒಂದು ದಿನ ಅತ್ತಿಗೆ, "ಹುಡುಗ್ರು ದೊಡ್ಡೋರಾದ್ರು, ಓದೋಕೆ ಅವರಿಗೊಂದು ಕೋಣೆ ಬೇಕಿತ್ತು" ಅಂದಳು. ಅಂದದ್ದು ಅಷ್ಟೇ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದಲ್ಲ, "ಅಂಗಡಿ ಹತ್ರ ಒಳ್ಳೇ ಮನೆ ಸಿಕ್ಕಿದೆ, ನಾಳೇನೇ ಹೊರಡ್ತೀನಿ" ಎಂದುಬಿಟ್ಟೆ. ಮನೆಯೂ ಇರಲಿಲ್ಲ, ಮಠವೂ ಇರಲಿಲ್ಲ. ಅಂಗಡಿಯ ಬಾಡಿಗೆ ಕಟ್ಟುವುದರೊಳಗೇ ಉಸ್ಸಪ್ಪಾ ಎನ್ನುವ ನನಗೆ ಇನ್ನೊಂದು ಬಾಡಿಗೆ ಎಲ್ಲಿಂದ ಬರಬೇಕು? ಆದರೂ ಆಡಿದ ಮಾತನ್ನು ನುಂಗಿಕೊಂಡು ಅಲ್ಲೇ ಉಳಿಯುವುದು ನನ್ನಿಂದ ಆಗಲಿಲ್ಲ.

ಬೆಳಕು ಹರಿಯುವ ಮುಂಚೆ ಅಂಗಡಿಯ ಹಿಂಬಾಗಿಲಿನಿಂದ ಹೊರಬಿದ್ದು ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದೆ. ಅಲ್ಲಿನ ಶೌಚಾಲಯದಲ್ಲೇ ಸ್ನಾನ. ಆಮೇಲೆ ಎಲ್ಲೆಲ್ಲೋ ಸುತ್ತಿ, ಸರಿಯಾಗಿ ಒಂಬತ್ತಕ್ಕೆ ಬೀದಿಯ ಆ ತುದಿಯಿಂದ ಚೀಲ ಬೀಸಿಕೊಂಡು ಬರುವುದು, ಮನೆ ಕೆಲಸ ಮುಗಿಸಿ ಬಂದವಳ ಹಾಗೆ. "ಇವತ್ತು ಎದ್ದಿದ್ದೇ ತಡವಾಯ್ತು ಕಣ್ರೀ" ಎಂದು ಔಷಧಿ ಅಂಗಡಿಯಾಕೆಯ ಹತ್ತಿರ ವಾರಕ್ಕೊಮ್ಮೆ ಗೊಣಗುತ್ತಲೂ ಇದ್ದೆ. ಸುಳ್ಳು ಹೇಳುವುದಾದರೆ ಅಚ್ಚುಕಟ್ಟಾಗಿ ಹೇಳಬೇಕು.

ಹೀಗೆ ಸಾಗುತ್ತಿದ್ದಾಗ ನನ್ನ ಅಂಗಡಿಯ ಎದುರಿಗೆ, ಮುಚ್ಚಿಹೋದ ಮುದ್ರಣಾಲಯದ ಬಾಗಿಲಿಗೆ ನಗರಸಭೆಯವರು ಒಂದು ನೋಟಿಸು ಅಂಟಿಸಿದರು. ಮನೆಯಿಲ್ಲದವರಿಗೆ ಅಲ್ಲಿ ವಸತಿ ಕೇಂದ್ರ ಮಾಡುತ್ತಾರಂತೆ, ಇಪ್ಪತ್ತು ಹಾಸಿಗೆ. ಬೇಡವೇ ಬೇಡ ಎಂದು ಬೀದಿಗೆ ಬೀದಿಯೇ ಎದ್ದು ನಿಂತಿತು. ಮುಂದಾಳು ನಮ್ಮ ಮೇಷ್ಟ್ರು. ನಿವೃತ್ತರು, ನನ್ನ ಅಂಗಡಿಯ ಕಟ್ಟಡ ಅವರದೇ. ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಹೆಂಡತಿಯ ಕೈಯಲ್ಲಿ ಗಂಜಿ ಮಾಡಿಸಿ ಅಂಗಡಿಗೇ ತಂದುಕೊಟ್ಟ ಮನುಷ್ಯ. ಆ ಮೇಷ್ಟ್ರು ಮನವಿ ಪತ್ರ ಹಿಡಿದು ಮೊದಲು ಬಂದದ್ದೇ ನನ್ನ ಹತ್ತಿರ.

"ಮೊದಲ ಸಹಿ ನಿಂದೇ ಆಗ್ಬೇಕು ಕಣಮ್ಮ. ಎದುರಿಗಿರೋಳು ನೀನು, ಒಂಟಿ ಹೆಣ್ಣುಮಗಳು. ನಾಳೆ ಯಾವನೋ ಒಳಗೆ ನುಗ್ಗಿದ್ರೆ ಯಾರು ದಿಕ್ಕು?"

ಬೇಡ ಅಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಸಹಿ ಹಾಕಿದೆ. ಪಕ್ಕದಲ್ಲೇ ಮನೆ ನಂಬರು ಬರೆಯುವ ಜಾಗವಿತ್ತು. ಕೈ ಒಂದು ಗಳಿಗೆ ನಿಂತಿತು. ಹಿಂದಿನ ಬೀದಿ, ನಲವತ್ತಾರು ಎಂದು ಗೀಚಿದೆ. ಆ ಬೀದಿಯ ಮನೆಗಳು ನಲವತ್ತೆರಡಕ್ಕೇ ಮುಗಿಯುತ್ತವೆ ಎಂದು ತಿಳಿದದ್ದು ಮರುದಿನ, ಹೋಗಿ ನೋಡಿದಾಗ.

ಈಗ ವಾಚನಾಲಯದಲ್ಲಿ ಬೀದಿಯವರ ಸಭೆ ಕರೆದು, ನಗರಸಭೆಯ ಆಫೀಸರಮ್ಮ ಆ ಮನವಿಯನ್ನೇ ಕೈಯಲ್ಲಿ ಹಿಡಿದು ನಿಂತಿದ್ದರು.

"ಸಹಿ ಹಾಕಿದೋರ ಮನೆಗೆಲ್ಲಾ ನಾಳೆ ನಮ್ಮೋರು ಬರ್ತಾರೆ. ನಂಬರ್ ಸರಿಯಿದ್ಯಾ ಅಂತ ನೋಡ್ಕೊಂಡು ಹೋಗ್ತಾರೆ, ಅಷ್ಟೇ."

ಊರು ಬಿಟ್ಟು ಓಡಿಹೋಗಲಾ ಅನ್ನಿಸಿತು. ಹೊಲಿಗೆ ಯಂತ್ರವನ್ನು ಹೊತ್ತುಕೊಂಡು ಎಷ್ಟು ದೂರ ಓಡಲಿ?

"ನಂಬರ್ ಹಾಗಿರ್ಲಿ ಮೇಡಂ," ಮೇಷ್ಟ್ರು ಎದ್ದರು. "ನಮ್ಮ ಸುತ್ತಮುತ್ತ ಮನೆಯಿಲ್ಲದೋರು ಅಂತ ಒಬ್ರಾದ್ರೂ ಇದ್ದಾರಾ? ಯಾರಿಗೋಸ್ಕರ ಇದೆಲ್ಲಾ?"

"ಹದಿನೇಳು ಜನ ಇದ್ದಾರೆ, ಸರ್. ಎಣಿಕೆ ಮಾಡಿಸಿದ್ದೀವಿ." ಆಕೆ ಇನ್ನೊಂದು ಕಡತ ಬಿಚ್ಚಿ ಓದತೊಡಗಿದರು. ಸೇತುವೆ ಕೆಳಗೆ ಮುದುಕ, ಒಂದು ಕಣ್ಣು ಕಾಣಿಸುವುದಿಲ್ಲ. ಮಾರುಕಟ್ಟೆಯ ಹಿಂದೆ ಗಂಡ ಹೆಂಡತಿ. ಒಂದೊಂದನ್ನೇ ಓದುತ್ತಾ ಒಂಬತ್ತನೆಯದಕ್ಕೆ ಬಂದರು.

"ಹೆಂಗಸು, ಸುಮಾರು ನಲವತ್ತೈದು ವರ್ಷ. ಬೆಳಿಗ್ಗೆ ಐದಕ್ಕೆ ಬಸ್ ನಿಲ್ದಾಣದ ಶೌಚಾಲಯದ ಹತ್ರ ಸಿಕ್ಕಿದ್ರು. ಹೆಸರು ಹೇಳಲಿಲ್ಲ. ಕೇಳಿದೋನಿಗೆ ಬೈದು ಓಡಿಸಿದ್ರು."

ಅದು ನಾನೇ. ಆಫೀಸರಮ್ಮ ತಲೆಯೆತ್ತಿ ಸುಮ್ಮನೆ ಎಲ್ಲರ ಮುಖ ನೋಡಿದರು. ನನ್ನ ಮುಖದ ಮೇಲೆ ಕಣ್ಣು ಒಂದಿಷ್ಟು ಹೆಚ್ಚು ಹೊತ್ತು ನಿಂತಿತೋ, ನನಗೇ ಹಾಗನ್ನಿಸಿತೋ. ನಾನು ಚೀಲದ ದಾರ ಕೀಳುತ್ತಾ ಕೂತೆ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಬೈದ್ಲಂತೆ! ಭೇಷ್! ಇಂಥೋಳನ್ನ ತಂದು ನಮ್ಮ ಬೀದೀಲಿ ಕೂರಿಸ್ತಾರಂತೆ."

"ತಲೆ ಕೆಟ್ಟಿರ್ಬೇಕು ಪಾಪ," ಅಂದಳು ಔಷಧಿ ಅಂಗಡಿಯಾಕೆ, ನನ್ನ ಪಕ್ಕದಲ್ಲೇ ಕೂತವಳು.

"ತಲೆನೂ ಇಲ್ಲ, ಮಾನ ಮರ್ಯಾದೆನೂ ಇಲ್ಲ," ಮೇಷ್ಟ್ರ ದನಿ ಏರಿತು. "ನೋಡಿ ಮೇಡಂ, ಈಕೆ ನಮ್ಮ ಟೈಲರಮ್ಮ. ನನ್ನ ಮಗಳಿದ್ದ ಹಾಗೆ. ಇಡೀ ದಿನ ಬಾಗಿಲು ತೆಕ್ಕೊಂಡು ಒಬ್ಳೇ ಕೂತಿರ್ತಾಳೆ. ಆ ಬಜಾರಿ ಹೆಂಗಸು ನಾಳೆ ಇವಳ ಅಂಗಡಿಗೆ ನುಗ್ಗಿ ಕತ್ತರಿ ಎತ್ಕೊಂಡ್ರೆ ನೀವು ಬರ್ತೀರಾ?"

ಸುಮ್ಮನಿರಬೇಕಿತ್ತು. ಸುಮ್ಮನಿರು, ಸುಮ್ಮನಿರು ಎಂದು ಹಲ್ಲು ಕಚ್ಚಿದ್ದೆ. ಆದರೆ ನನ್ನ ನಾಲಿಗೆ ಯಾವತ್ತು ನನ್ನ ಮಾತು ಕೇಳಿದೆ?

"ಯಾಕೆ ಬೈದ್ಲು ಅಂತ ಕೇಳಿದ್ರಾ?" ಎದ್ದು ನಿಂತೇಬಿಟ್ಟಿದ್ದೆ. "ಮೈಗೆ ನೀರು ಹಾಕ್ಕೊಳ್ತಾ ಇರೋವಾಗ ಬಾಗಿಲು ದಬದಬ ಬಡಿದು, ಒಳಗಿರೋದು ಯಾರು, ಹೆಸರೇನು ಅಂತ ಕೂಗಿದ್ರೆ ಬೈಯದೆ ಆರತಿ ಎತ್ತಬೇಕಿತ್ತಾ?"

ಎಲ್ಲರೂ ತಿರುಗಿದರು.

"ಅದು ನಿಂಗೆ ಹೇಗಮ್ಮ ಗೊತ್ತು?" ಮೇಷ್ಟ್ರು ಮೆಲ್ಲಗೆ ಕೇಳಿದರು.

ಯಾರೋ ಹೇಳಿದ್ರು, ಪೇಪರಲ್ಲಿ ಬಂದಿತ್ತು, ಹೀಗೆ ಏನಾದರೂ ಹೇಳಬಹುದಿತ್ತು. ಹದಿನಾಲ್ಕು ತಿಂಗಳು ಸಲೀಸಾಗಿ ಸುಳ್ಳು ಹೇಳಿದವಳಿಗೆ ಆ ಹೊತ್ತಿಗೆ ಒಂದೂ ಹೊಳೆಯಲಿಲ್ಲ.

"ಆ ಬಜಾರಿ ನಾನೇ, ಮೇಷ್ಟ್ರೇ. ನಿಮ್ಮ ಅಂಗಡೀಲೇ ಮಲಗ್ತೀನಿ. ಕತ್ತರಿಸೋ ಮೇಜಿನ ಮೇಲೆ."

ಔಷಧಿ ಅಂಗಡಿಯಾಕೆ, "ನನ್ನ ಮಗಳ ಯೂನಿಫಾರಂ... ಅದೇ ಮೇಜಿನ ಮೇಲಾ?" ಎಂದು ಕೇಳಿದಳು. ಕೇಳುತ್ತಲೇ ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿಕೊಂಡಳು. ನನಗೆ ಅಳು ಒತ್ತರಿಸಿ ಬಂತು. ಇವಳ ಮುಂದೆ ಅಳುವುದುಂಟಾ ಎಂದು ತಡೆದುಕೊಂಡೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ನನ್ನ ಕಡೆ ನೋಡದೆ, "ಅದು ಬೇರೆ ವಿಷಯ. ಆಮೇಲೆ ಮಾತಾಡೋಣ" ಅಂದರು. "ಈಗ ತೀರ್ಮಾನ ಆಗ್ಲಿ. ವಸತಿ ಕೇಂದ್ರ ಇಲ್ಲಿ ಬೇಡ ಅನ್ನೋರು ಕೈಯೆತ್ತಿ."

ಒಂದು ಕ್ಷಣ ಯಾವ ಕೈಯೂ ಏಳಲಿಲ್ಲ. ನನಗೆ ಆಸೆ ಹುಟ್ಟಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಹಿಂದಿನ ಸಾಲಿನಲ್ಲಿ ಒಂದು ಎದ್ದಿತು. ಅದನ್ನು ನೋಡಿ ಇನ್ನೊಂದು. ಹಾಗೇ ಒಂದೊಂದಾಗಿ, ಮುಖ ತಗ್ಗಿಸಿಕೊಂಡೇ, ಎಲ್ಲ ಕೈಗಳೂ ಮೇಲಕ್ಕೆ ಹೋದವು. ಒಂದೊಂದು ಕೈಯ ತೋಳಿನಳತೆಯೂ ನನಗೆ ಬಾಯಿಪಾಠ. ಮೇಷ್ಟ್ರದು ಇಪ್ಪತ್ತಮೂರೂವರೆ ಇಂಚು, ಬಲಗೈ ಅರ್ಧ ಇಂಚು ಗಿಡ್ಡ. ಆ ಗಿಡ್ಡ ಕೈ ಕೊನೆಗೆ ಎದ್ದಿತು.

ಆಫೀಸರಮ್ಮ ಎಣಿಸಿ ಬರೆದುಕೊಂಡರು. ಹೊರಡುವ ಮೊದಲು ನನ್ನ ಹತ್ತಿರ ಬಂದು, "ಬೇರೆ ಜಾಗ ಹುಡುಕೋಕೆ ಮೂರು ತಿಂಗಳಾದ್ರೂ ಬೇಕು. ಅಲ್ಲೀವರೆಗೂ ನನ್ನ ಹತ್ರ ಒಂದು ಹಾಸಿಗೇನೂ ಇಲ್ಲಮ್ಮ. ನಿಜ ಹೇಳ್ತಿದ್ದೀನಿ" ಅಂದರು. ಇಂಥ ನಿಜ ಕಟ್ಟಿಕೊಂಡು ನಾನೇನು ಮಾಡಲಿ ಎಂದು ಬೈಯಬೇಕೆನ್ನಿಸಿತು.

ಜನ ಕರಗಿದರು. ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತಿದ್ದ ಮೇಷ್ಟ್ರು ಕೈ ಒರೆಸಿಕೊಂಡು ಬಂದು ನಿಂತರು.

"ಅಂಗಡಿ ಬೀಗದಕೈ ಕೊಡಮ್ಮ, ಹಿಂಬಾಗಿಲಿಂದೂ ಸೇರಿಸಿ. ಕೆಲಸಕ್ಕೆ ಯಾರೂ ಬೇಡ ಅನ್ನಲ್ಲ. ಬೆಳಿಗ್ಗೆ ಒಂಬತ್ತಕ್ಕೆ ನಾನೇ ಬಂದು ತೆಗೀತೀನಿ, ಸಂಜೆ ನಾನೇ ಬೀಗ ಹಾಕ್ತೀನಿ. ಅಂಗಡಿ ಅಂದ್ರೆ ಅಂಗಡಿ. ತಪ್ಪು ತಿಳ್ಕೋಬೇಡ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ. ಬೀಗದಕೈ ತೆಗೆದು ಅವರ ಅಂಗೈಯಲ್ಲಿಟ್ಟೆ. ಹೊರಗೆ ಬಿಸಿಲು ಇಳಿಯುತ್ತಿತ್ತು. ಇನ್ನು ಒಂದು ಗಂಟೆಯಲ್ಲಿ ಕತ್ತಲಾಗುತ್ತದೆ.

ಮೇಷ್ಟ್ರು ಬೀಗದಕೈಯನ್ನು ಜೇಬಿಗೆ ಹಾಕಿಕೊಂಡರು. ದಿನಾ ಸಂಜೆ ಅಂಗಡಿಯ ಮುಂದೆ ಹಾದುಹೋಗುವಾಗ ಹೇಳುವ ಮಾತು, ಅಭ್ಯಾಸಬಲ, ಬಾಯಿಂದ ತಾನಾಗಿ ಬಂದುಬಿಟ್ಟಿತು.

"ಆಯ್ತಮ್ಮ. ಹೊತ್ತಾಯ್ತು, ಹುಷಾರಾಗಿ ಮನೆಗೆ ಹೋಗು."

ಹೇಳಿದ ಮೇಲೆ ಅವರಿಗೇ ಕೇಳಿಸಿತು. ಬಾಯಿ ತೆರೆದದ್ದು ಹಾಗೇ ಉಳಿಯಿತು. ನಾನು "ಹೂಂ ಮೇಷ್ಟ್ರೇ" ಎಂದು ಚೀಲ ಎತ್ತಿಕೊಂಡು ಮೆಟ್ಟಿಲಿಳಿದೆ.